ಮಣ್ಣಿನ ವಿಷ ಹೀರುವ ಜರೀಗಿಡ

ಹಳೆಯ ಬಾವಿಯ ಗೋಡೆ, ಗಾರೆ ಬಿರಿದ ಕಾಂಪೌಂಡು: ಸುಣ್ಣವೂ ತೇವವೂ ಇದ್ದಲ್ಲಿ ತಾನಾಗಿ ಹುಟ್ಟುವ ಜರೀಗಿಡವೊಂದಿದೆ. ನಡುದಂಟಿನ ಎರಡೂ ಬದಿಗೆ ಏಣಿ ಮೆಟ್ಟಿಲಿನಂತೆ ಸಾಲಾಗಿ ಕಿರುಎಲೆಗಳು. ಬಲಿತ ಎಲೆ ಮಗುಚಿದರೆ ಅಂಚಿನುದ್ದಕ್ಕೂ ಬೀಜಕಣಗಳ ಕಂದು ಗೆರೆ. ಟೆರಿಸ್ ವಿಟ್ಟಾಟ ಎಂಬ ಈ ಗಿಡ ಆರ್ಸೆನಿಕ್ ಹೀರುತ್ತದೆ ಎಂದು 2001ರಲ್ಲಿ ತೋರಿಸಿದವರು ಫ್ಲಾರಿಡಾ ವಿಶ್ವವಿದ್ಯಾಲಯದ ಲೀನಾ ಮಾ ಮತ್ತು ಸಂಗಡಿಗರು. ಮರಕ್ಕೆ ಹುಳು ಹಿಡಿಯದಂತೆ ಬಳಸುವ ರಾಸಾಯನಿಕ ಸೋರಿ ಕೆಟ್ಟಿದ್ದ ಜಾಗದಲ್ಲಿ ಅದು ಸೊಂಪಾಗಿ ಬೆಳೆದಿತ್ತು. ಆರ್ಸೆನಿಕ್ ಬೆರೆಸಿದ ಮಣ್ಣಿನಲ್ಲಿ ಬೆಳೆಸಿ ನೋಡಿದಾಗ, ಒಣಗಿದ ಎಲೆಯ ತೂಕದಲ್ಲಿ ಶೇ. 2ಕ್ಕೂ ಹೆಚ್ಚು ಆರ್ಸೆನಿಕ್ಕೇ ಇತ್ತು. ಬೇರೆ ಗಿಡವಾಗಿದ್ದರೆ ಅದಕ್ಕೆ ಎಷ್ಟೋ ಮೊದಲೇ ಸಾಯುತ್ತಿತ್ತು.

ಮಣ್ಣಿನಲ್ಲಿರುವ ಆರ್ಸೆನೇಟ್ ರಚನೆಯಲ್ಲಿ ರಂಜಕದ ರೂಪವಾದ ಫಾಸ್ಫೇಟನ್ನು ಹೋಲುತ್ತದೆ. ರಂಜಕ ಒಳಬರುವ ದಾರಿಯಲ್ಲೇ ಅದೂ ಬೇರಿನೊಳಗೆ ನುಸುಳುತ್ತದೆ. ಗಿಡ ಅದನ್ನು ಎಲೆಗೆ ಸಾಗಿಸಿ, ಜೀವಕೋಶದ ರಸದಾನಿಗಳಲ್ಲಿ ಕೂಡಿಹಾಕುತ್ತದೆ.

ರಂಜಕ ಹೀರುವಲ್ಲಿ ಗಿಡಕ್ಕೆ ಜೊತೆಗಾರರೂ ಇದ್ದಾರೆ. ಬೇರಿಗೆ ಅಂಟಿ ಬದುಕುವ ಮೈಕೊರೈಜಾ ಶಿಲೀಂಧ್ರದ ಎಳೆಗಳು, ಬೇರು ತಲುಪದ ಸಂದುಗಳಿಂದ ರಂಜಕ ತಂದುಕೊಟ್ಟು ಬಡ ಮಣ್ಣಿನಲ್ಲೂ ಗಿಡವನ್ನು ಉಳಿಸುತ್ತವೆ. ಆದರೆ ಲೋಹದ ವಿಚಾರದಲ್ಲಿ ಅವುಗಳ ವರ್ತನೆ ಒಂದೇ ತೆರನಲ್ಲ. ಕೆಲವೆಡೆ ಹೀರುವಿಕೆ ಹೆಚ್ಚಿಸುತ್ತವೆ, ಕೆಲವೆಡೆ ಲೋಹವನ್ನು ಬೇರಿನಲ್ಲೇ ತಡೆಯುತ್ತವೆ. ಗಣಿದೂಳು ಹಾರದಂತೆ ಹಸಿರು ಹೊದಿಸುವುದಷ್ಟೇ ಗುರಿಯಾದರೆ ಎರಡನೆಯದೇ ಒಳ್ಳೆಯದು. ಹಾಗಾಗಿ ಈ ಶಿಲೀಂಧ್ರದ ಪ್ಯಾಕೆಟ್ ತಂದು ಸುರಿಯುವ ಮೊದಲು ಅದೇ ಮಣ್ಣಿನ ಕುಂಡಗಳಲ್ಲಿ ಪರೀಕ್ಷಿಸಬೇಕು. ಡಿಎಪಿಯಂಥ ರಂಜಕದ ಗೊಬ್ಬರ ಹೆಚ್ಚಾದರೆ ಶಿಲೀಂಧ್ರ ಬೇರಿಗೆ ಹತ್ತುವುದೇ ಕಡಿಮೆ.

ಕೊಳೆತ ಮರದ ಮೇಲೆ ಬೆಳೆಯುವ ಕೆಲವು ಶಿಲೀಂಧ್ರಗಳ ಕೆಲಸವೇ ಬೇರೆ. ಮರದ ಲಿಗ್ನಿನ್ ಕರಗಿಸುವ ಅವು ಡಿಡಿಟಿಯಂಥ ಕೀಟನಾಶಕವನ್ನೂ ಒಡೆಯಬಲ್ಲವು. ಆರ್ಸೆನಿಕ್, ಸೀಸಗಳನ್ನು ಮಾತ್ರ ಯಾವ ಜೀವಿಯೂ ಒಡೆಯಲಾರದು. ಅವು ಮಣ್ಣಿನಿಂದ ಎಲೆಗೆ ಜಾಗ ಬದಲಿಸುತ್ತವೆ, ಅಷ್ಟೇ.

ಆದ್ದರಿಂದ ನಿಜವಾದ ಕಷ್ಟ ಶುರುವಾಗುವುದು ಕೊಯ್ಲಿನಲ್ಲಿ. ಕೈಗವಸು ಹಾಕಿಕೊಂಡೇ ಎಲೆ ಕೊಯ್ಯಬೇಕು, ಉದುರಿದ್ದನ್ನೂ ಬಿಡದೆ ಆರಿಸಬೇಕು. ಬುಡ ಉಳಿಸಿದರೆ ಮತ್ತೆ ಚಿಗುರುತ್ತದೆ. ಕೊಯ್ದದ್ದನ್ನು ದನಕ್ಕೆ ಹಾಕುವಂತಿಲ್ಲ, ತಿಪ್ಪೆಗೆ ಎಸೆಯುವಂತಿಲ್ಲ. ಬಯಲಲ್ಲಿ ಸುಟ್ಟರೆ ಆರ್ಸೆನಿಕ್ ಹೊಗೆಯಲ್ಲಿ ಹೊರಟು ಊರವರ ಉಸಿರಿಗೇ ಸೇರುತ್ತದೆ. ಅಪಾಯಕಾರಿ ತ್ಯಾಜ್ಯ ವಿಲೇವಾರಿ ಘಟಕಕ್ಕೆ ಕಳಿಸುವ ಏರ್ಪಾಡಾಗದೆ ಒಂದು ಗಿಡವನ್ನೂ ನೆಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದು ವರ್ಷಗಟ್ಟಲೆಯ ಕೆಲಸ. ಅಷ್ಟೂ ಕಾಲ ಆ ನೆಲದಲ್ಲಿ ಸೊಪ್ಪು ತರಕಾರಿ ಬೇಡ. ಬೇರು ಇಳಿಯುವಷ್ಟು ಆಳದ ಮಣ್ಣು ಮಾತ್ರ ಹಸನಾಗುತ್ತದೆ. ರಾಯಚೂರು, ಯಾದಗಿರಿ ಜಿಲ್ಲೆಗಳ ಕೆಲವು ಹಳ್ಳಿಗಳಲ್ಲಿರುವಂತೆ ಕೊಳವೆಬಾವಿಯ ನೀರಿಗೇ ಆರ್ಸೆನಿಕ್ ಸೇರಿದ್ದರೆ, ಹೊಲದಲ್ಲಿ ಜರೀಗಿಡ ಬೆಳೆಸಿ ಫಲವಿಲ್ಲ. ಅಲ್ಲಿ ಮೊದಲು ಆಗಬೇಕಾದದ್ದು ಕುಡಿಯಲು ಬೇರೆ ನೀರಿನ ವ್ಯವಸ್ಥೆ.