ತಿಗರಿ ಕೊಟ್ಟಿರಿ, ಕುಂತು ಮಾರಾಕ ಜಾಗ ಎಲ್ಲಿ?

"ಈಗಿನ ಕಾಲದಾಗ ಮಣ್ಣಿನ ಗಡಿಗಿ ಯಾರು ತಗೋತಾರ?" ಈ ಪ್ರಶ್ನೆ ಕೇಳುವವರು ಬಹಳ. ಬಸವಕಲ್ಯಾಣ, ಹುಮನಾಬಾದ್ ಕಡೆಯ ಸಂತೆಗಳಲ್ಲಿ ಮನೆಯವರ ಜೊತೆ ಕೂತು ಗಡಿಗೆ ಮಾರುವವನಾಗಿ ನಾನು ಕೊಡುವ ಉತ್ತರ ಒಂದೇ: ತಗೊಳ್ಳೋರು ಇದ್ದಾರೆ. ಇಲ್ಲದಿರುವುದು ಕೂತು ಮಾರುವ ಜಾಗ.

ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಕರಕುಶಲಕರ್ಮಿಗಳ ಬಗ್ಗೆ ಸರ್ಕಾರಗಳು ಮಾತಾಡುವಾಗ ಸಾಲ, ತರಬೇತಿ, ಉಪಕರಣ ಎಲ್ಲ ಬರುತ್ತದೆ. ಜಾಗದ ಮಾತು ಬರುವುದಿಲ್ಲ. ಜಾಗದ ಮಾತಾಡುವ ಕಾನೂನು ಬೇರೆ ಇದೆ, ಅದರಲ್ಲಿ ಕುಂಬಾರನ ಹೆಸರಿಲ್ಲ. ಈ ಎರಡರ ನಡುವೆ ನಾವು ಬಿದ್ದಿದ್ದೇವೆ. ಹೇಗೆ ಅಂತ ಬಿಡಿಸಿ ಹೇಳುತ್ತೇನೆ.

ಬೇಡಿಕೆ ಕ್ಯಾಲೆಂಡರ್‌ನಲ್ಲೇ ಇದೆ

ಬೇಸಿಗೆಯಲ್ಲಿ ನೀರಿನ ಗಡಿಗೆ. ಕಾರಹುಣ್ಣಿಮೆ ಕಳೆದ ಮೇಲೆ ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಜೋಡೆತ್ತು. ನವರಾತ್ರಿಗೆ ಘಟಸ್ಥಾಪನೆಯ ಮಡಕೆ, ದೀಪಾವಳಿಗೆ ಪಣತಿ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೊರಡುವಾಗ ಭಜ್ಜಿಯ ಜೊತೆ ಅಂಬಲಿ ಗಡಿಗೆ ಬೇಕೇ ಬೇಕು. ಮದುವೆ ಸೀಸನ್ ಬಂದರೆ ಐರಾಣಿ. ಕೊನೆಗೆ ಮಣ್ಣಿಗೆ ಹೋಗುವಾಗಲೂ ಒಂದು ಗಡಿಗೆ. ಸ್ಟೀಲು, ಪ್ಲಾಸ್ಟಿಕ್ಕು ಬಂದು ಅಡುಗೆಮನೆಯ ಮಡಕೆ ಹೋಯಿತು ನಿಜ. ಆದರೆ ನೀರು ಮತ್ತು ಆಚರಣೆ ಎರಡೂ ಇನ್ನೂ ಮಣ್ಣನ್ನು ಬಿಟ್ಟಿಲ್ಲ.

ನೀರಿನ ಗಡಿಗೆ ಉಳಿದಿರುವುದಕ್ಕೆ ಕಾರಣ ಭಕ್ತಿಯಲ್ಲ, ಭೌತಶಾಸ್ತ್ರ. ನಮ್ಮ ಆವಿಗೆಯಲ್ಲಿ ಕುಳ್ಳು, ತೊಗರಿ ಕಟ್ಟಿಗೆ ಉರಿಸಿ ಸುಡುವ ಮಣ್ಣು ಸಾಮಾನ್ಯವಾಗಿ 1,000 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಆದ್ದರಿಂದ ಅದರ ಮೈಯಲ್ಲಿ ಸಣ್ಣ ರಂಧ್ರಗಳು ಉಳಿಯುತ್ತವೆ. ನೀರು ಅದರಿಂದ ಜಿನುಗಿ ಆವಿಯಾಗುವಾಗ ಒಳಗಿನ ಶಾಖವನ್ನೂ ಹೊತ್ತು ಹೋಗುತ್ತದೆ. ಬೀದರ್ ಕಡೆಯ ಒಣ ಬಿಸಿಲಿಗೆ ಇದು ಹೇಳಿ ಮಾಡಿಸಿದ ಫ್ರಿಜ್ಜು. ಕರೆಂಟು ಹೋದರೂ ನಡೆಯುತ್ತದೆ.

ಬೆಂಗಳೂರಿನ ಕ್ರಾಫ್ಟ್ ಮಾರ್ಕೆಟ್‌ಗಳಲ್ಲಿ 'ಸೆರಾಮಿಕ್' ಅಂತ ಮಾರುವ ಕಪ್ಪು, ತಟ್ಟೆಗಳಲ್ಲಿ ಹೆಚ್ಚಿನವು ಬೇರೆ ಜಾತಿಯ ಮಣ್ಣು. 1,200 ಡಿಗ್ರಿ ದಾಟಿಸಿ, ಮೇಲೆ ಗಾಜಿನ ಲೇಪ ಕೊಟ್ಟು ಸುಟ್ಟದ್ದು. ನೀರು ಹೀರುವುದಿಲ್ಲ, ಗಟ್ಟಿ, ಬೆಲೆಯೂ ಗಟ್ಟಿ. ಅದನ್ನು ಮಾಡಿದವರ ಹೆಸರು ಚೀಟಿಯ ಮೇಲೆ ಇರುತ್ತದೆ. ನಮ್ಮ ಗಡಿಗೆಯ ಮೇಲೆ ಹೆಸರಿಲ್ಲ, ಕೊಳ್ಳುವವರ ಬಾಯಲ್ಲಿ ಜಾತಿಯ ಹೆಸರು ಮಾತ್ರ ಇದೆ. ಒಬ್ಬರದ್ದು ಕಲೆ, ಇನ್ನೊಬ್ಬರದ್ದು ಕುಲಕಸುಬು! ಮಣ್ಣಿಗೆ ಈ ಭೇದ ಗೊತ್ತಿಲ್ಲ, ಮಾರುಕಟ್ಟೆಗೆ ಗೊತ್ತು.

ಜಾಗ ಯಾಕೆ ಇಷ್ಟು ಮುಖ್ಯ?

ಗಡಿಗೆ ಭಾರ, ಒಡೆಯುವ ಸರಕು, ಬೆಲೆ ಕಡಿಮೆ. ಕೊರಿಯರ್‌ನಲ್ಲಿ ಕಳಿಸಿದರೆ ಗಡಿಗೆಗಿಂತ ಪ್ಯಾಕಿಂಗ್ ದುಬಾರಿ. ಹಾಗಾಗಿ 'ಆನ್‌ಲೈನ್‌ನಲ್ಲಿ ಮಾರಿ' ಅನ್ನುವ ಸಲಹೆ ನಮಗೆ ಕೆಲಸಕ್ಕೆ ಬರಲ್ಲ. ಒಂದು ಟೆಂಪೋ ಹೋಗಿ ಬರುವಷ್ಟು ದೂರವೇ ನಮ್ಮ ಮಾರುಕಟ್ಟೆ.

ಲೆಕ್ಕಕ್ಕೆ ಅಂತ ಹೀಗೆ ಇಟ್ಟುಕೊಳ್ಳಿ. ಟೆಂಪೋದಲ್ಲಿ 60 ಗಡಿಗೆ, ಒಂದಕ್ಕೆ 150 ರೂಪಾಯಿ, ಬಾಡಿಗೆ ಒಂದು ಕಡೆಗೆ 1,500. ದಾರಿಯಲ್ಲಿ 4 ಒಡೆದವು. ಉಳಿದ 56 ಸಂಜೆಯೊಳಗೆ ಹೋದರೆ 8,400 ರೂಪಾಯಿ. ಬಾಡಿಗೆ ಕಳೆದು 6,900. ಇದರಲ್ಲಿ ಮಣ್ಣು, ಉರುವಲು, ಮನೆಮಂದಿಯ ವಾರಗಟ್ಟಲೆಯ ದುಡಿಮೆ ಎಲ್ಲ ಬಂತು. ಈಗ ಅದೇ ದಿನ ಮಧ್ಯಾಹ್ನ ಯಾರೋ ಬಂದು "ಏಳ್ರಿ, ಇಲ್ಲಿ ಕೂಡಬ್ಯಾಡ್ರಿ" ಅಂದರು ಅನ್ನಿ. ಅಷ್ಟೊತ್ತಿಗೆ ಹೋಗಿದ್ದು 20 ಗಡಿಗೆ, ಬಂದಿದ್ದು 3,000. ಉಳಿದದ್ದನ್ನು ಮತ್ತೆ ಟೆಂಪೋಗೆ ಏರಿಸಬೇಕು, ಮತ್ತೆ 1,500 ಬಾಡಿಗೆ. ಹೋಗಿ ಬರುವ ಬಾಡಿಗೆಗೇ 3,000 ಮುಗಿಯಿತು. ಏರಿಸಿ ಇಳಿಸುವಾಗ ಒಡೆಯುವುದು ಬೇರೆ. ಕೈಯಲ್ಲಿ ಸೊನ್ನೆ. ತರಕಾರಿಯವರು ಬುಟ್ಟಿ ಎತ್ತಿ ಮುಂದಿನ ಓಣಿಗೆ ಹೋಗಬಹುದು, ಅದೂ ಕಷ್ಟವೇ. ಗಡಿಗೆಯವರಿಗೆ ಎದ್ದು ಹೋಗುವುದು ಅಂದರೆ ಆ ದಿನ ಮುಗಿಯಿತು ಅಂತಲೇ ಅರ್ಥ.

ಇನ್ನೊಂದು ಮಾತು: ಜಾಗ ಅಂದರೆ ನಾಲ್ಕಡಿ ನೆಲ ಅಷ್ಟೇ ಅಲ್ಲ, ಪಕ್ಕದಲ್ಲಿ ಯಾರು ಕೂರುತ್ತಾರೆ ಅನ್ನೋದೂ ಜಾಗವೇ. ನಮ್ಮ ಪಕ್ಕದಲ್ಲಿ ಬುಟ್ಟಿ, ಮೊರ ಹೆಣೆಯುವ ಮೇದಾರರು, ಕುಡಗೋಲು ತರುವ ಕಮ್ಮಾರರು, ಕಸಬರಿಗೆ ಮಾರುವ ಅವ್ವಂದಿರು ಕೂರುತ್ತಾರೆ. ಮೊರ ಕೊಳ್ಳಲು ಬಂದ ಹೆಣ್ಣುಮಗಳು ಗಡಿಗೆಗೆ ಬೆರಳು ಬಾರಿಸಿ ಸದ್ದು ನೋಡುತ್ತಾಳೆ. "ಯಕ್ಕಾ, ಊಟ ಮಾಡಿ ಬರ್ತೀನಿ, ಒಂದೀಟು ನೋಡ್ಕೋ" ಅಂದರೆ ಪಕ್ಕದವರು ನಮ್ಮ ಸರಕನ್ನೂ ಮಾರಿ ದುಡ್ಡು ಇಟ್ಟಿರುತ್ತಾರೆ. ಚಿಲ್ಲರೆ ಕೊಡುವುದು, ಬೆಲೆ ತೀರಾ ಇಳಿಯದಂತೆ ಒಬ್ಬರಿಗೊಬ್ಬರು ಕಣ್ಸನ್ನೆ ಮಾಡುವುದು, ಮುಂದಿನ ವಾರ ಯಾವ ಊರಲ್ಲಿ ಜಾತ್ರೆ ಅಂತ ಸುದ್ದಿ ಹಂಚುವುದು ಎಲ್ಲ ಆ ಸಾಲಲ್ಲೇ. ಸಂಘ ಅಂತ ಬೋರ್ಡ್ ಇಲ್ಲ, ಆದರೆ ಕೆಲಸ ಸಂಘದ್ದೇ. ಸಾಲು ಚದುರಿದರೆ ಅದೂ ಚದುರುತ್ತದೆ.

ಯೋಜನೆ ಕೊಡುವುದೇನು?

2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರ ಪಿಎಂ ವಿಶ್ವಕರ್ಮ ಯೋಜನೆ ಶುರು ಮಾಡಿತು. ಗಾತ್ರ 13,000 ಕೋಟಿ ರೂಪಾಯಿ. 18 ಕಸುಬುಗಳಲ್ಲಿ ಕುಂಬಾರಿಕೆಯೂ ಒಂದು. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000 ರೂಪಾಯಿಯ ವೋಚರ್, ಮೊದಲು 1 ಲಕ್ಷ, ಆಮೇಲೆ 2 ಲಕ್ಷದವರೆಗೆ ಶೇ. 5ರ ಬಡ್ಡಿಗೆ ಅಡಮಾನವಿಲ್ಲದ ಸಾಲ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಅದಕ್ಕೂ ಮೊದಲೇ, 2018ರಲ್ಲಿ, ಕುಂಬಾರರಿಗೆ ವಿದ್ಯುತ್ ತಿಗರಿ ಕೊಡುವ ಕಾರ್ಯಕ್ರಮ ಆರಂಭಿಸಿತ್ತು.

ವಿದ್ಯುತ್ ತಿಗರಿ ಒಳ್ಳೆಯದೇ. ಕೋಲು ಹಾಕಿ ಚಕ್ರ ತಿರುಗಿಸಿದವರ ಭುಜಕ್ಕೆ ಅದರ ಬೆಲೆ ಗೊತ್ತು. ಆದರೆ ತಿಗರಿ ಹೆಚ್ಚು ಗಡಿಗೆ ಮಾಡಿಕೊಡುತ್ತದೆ, ಮಾರಿ ಕೊಡುವುದಿಲ್ಲ. ಮಾರುವ ಜಾಗ ಗಟ್ಟಿಯಿಲ್ಲದೆ ಸಾಲ ತೆಗೆದುಕೊಂಡರೆ ಸರಕು ಮನೆಯಲ್ಲಿ, ಕಂತು ಬ್ಯಾಂಕಿನಲ್ಲಿ. ಯೋಜನೆಯಲ್ಲಿ ಮಾರುಕಟ್ಟೆ ಬೆಂಬಲ ಅಂತ ಒಂದು ಭಾಗ ಇದೆ: ಬ್ರ್ಯಾಂಡಿಂಗ್, ಇ-ಕಾಮರ್ಸ್, ಮೇಳ. ಕೊರಿಯರ್‌ಗೆ ಹೋಗದ ಗಡಿಗೆಗೆ, ತಾಲ್ಲೂಕು ದಾಟದ ವ್ಯಾಪಾರಿಗೆ ಅದು ಎಷ್ಟು ದೂರ ಅಂತ ನೀವೇ ನೋಡಿ.

ಮತ್ತೊಂದು ತೊಡಕು: ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ ಲಾಭ. ಕುಟುಂಬ ಅಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಮಣ್ಣು ತುಳಿಯುವುದು, ಒಣಗಿಸುವುದು, ಬಣ್ಣ ಬಳಿಯುವುದು, ಸಂತೆಯಲ್ಲಿ ದಿನವಿಡೀ ಬಿಸಿಲಿಗೆ ಕೂತು ಮಾರುವುದು ಬಹುಪಾಲು ಹೆಂಗಸರು. ಹೆಸರು ನೋಂದಾಯಿಸುವಾಗ ಮಾತ್ರ ತಿಗರಿ ಮುಂದೆ ಕೂತವನೇ ಕುಂಬಾರ.

ಜಾತಿಯ ಪ್ರಶ್ನೆಯೂ ಇದೆ. 2024ರ ನವೆಂಬರ್‌ನಲ್ಲಿ ತಮಿಳುನಾಡು ಸರ್ಕಾರ ಈ ಯೋಜನೆಯನ್ನು ಈಗಿನ ರೂಪದಲ್ಲಿ ಜಾರಿ ಮಾಡುವುದಿಲ್ಲ ಅಂದಿತು. ಕುಟುಂಬದ ಸಾಂಪ್ರದಾಯಿಕ ಕಸುಬೇ ಆಗಿರಬೇಕು ಅನ್ನುವ ಷರತ್ತು ತೆಗೆಯಿರಿ, ಕನಿಷ್ಠ ವಯಸ್ಸನ್ನು 18ರಿಂದ 35ಕ್ಕೆ ಏರಿಸಿ ಅನ್ನುವುದು ಅದರ ವಾದ. ನನಗೆ ಆ ಆತಂಕ ಅರ್ಥವಾಗುತ್ತದೆ. 18ರ ಹುಡುಗನಿಗೆ ಕಾಲೇಜಿನ ದಾರಿ ತೋರಿಸುವ ಬದಲು ಅಪ್ಪನ ತಿಗರಿ ತೋರಿಸುವುದು ಯಾವ ನ್ಯಾಯ? ಹಾಗಂತ ಇವತ್ತು ಇದೇ ಕಸುಬಿನಲ್ಲಿ ಬದುಕುತ್ತಿರುವವರ ಹೊಟ್ಟೆಯನ್ನು ಮರೆಯುವುದೂ ನ್ಯಾಯವಲ್ಲ. ಎರಡಕ್ಕೂ ಒಪ್ಪುವ ಉತ್ತರ ಜಾಗದಲ್ಲಿದೆ. ಸಂತೆಯ ಜಾಗ ಜಾತಿಗೆ ಕೊಡುವುದಲ್ಲ, ಮಾರುವವರಿಗೆ ಕೊಡುವುದು. ಯಾವ ಜಾತಿಯವರು ಗಡಿಗೆ ಮಾಡಿ ತಂದರೂ ಕೂರಬಹುದು. ಕುಂಬಾರರ ಮಗಳು ಬೇರೆ ಕೆಲಸ ಹಿಡಿದರೆ ಜಾಗ ಇನ್ನೊಬ್ಬರಿಗೆ ಹೋಗುತ್ತದೆ.

ಕಾನೂನು ಹೇಳುವುದೇನು?

ಬೀದಿ ಬದಿ ವ್ಯಾಪಾರಿಗಳ ಕಾಯ್ದೆ 2014ರಲ್ಲಿ ಬಂತು. ನಮಗೆ ಬೇಕಾದ ಅಂಶಗಳು ಇವು.

ಪ್ರತಿ ನಗರ, ಪಟ್ಟಣದಲ್ಲಿ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ವ್ಯಾಪಾರಿಗಳು, ಅದೂ ವ್ಯಾಪಾರಿಗಳೇ ಆರಿಸಿದವರು. ಆ ಪ್ರತಿನಿಧಿಗಳಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಕನಿಷ್ಠ ಐದು ವರ್ಷಕ್ಕೊಮ್ಮೆ ಸರ್ವೆ ಆಗಬೇಕು, ಜನಸಂಖ್ಯೆಯ ಶೇ. 2.5ರ ಮಿತಿಯೊಳಗೆ ಎಲ್ಲರಿಗೂ ಜಾಗ ಸಿಗಬೇಕು. 2011ರ ಜನಗಣತಿಯಲ್ಲಿ ಬಸವಕಲ್ಯಾಣದ ಜನಸಂಖ್ಯೆ ಸುಮಾರು 70 ಸಾವಿರ; ಹಳೆಯ ಲೆಕ್ಕದಲ್ಲೇ ಹೆಚ್ಚುಕಡಿಮೆ 1,750 ವ್ಯಾಪಾರಿಗಳಿಗೆ ಕಾನೂನಿನ ಪ್ರಕಾರ ಅವಕಾಶ ಇದೆ. ಹುಮನಾಬಾದ್‌ನ ಸುಮಾರು 44 ಸಾವಿರಕ್ಕೆ 1,100.

ಸರ್ವೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಗಡಿಗೆಯಂಥ ಕೆಡದ ಸರಕು ಜಪ್ತಿ ಮಾಡಿದರೆ ಪಟ್ಟಿ ಬರೆದು ಕೊಡಬೇಕು, ಕೇಳಿದ ಎರಡು ಕೆಲಸದ ದಿನಗಳೊಳಗೆ ವಾಪಸ್ ಬಿಡಬೇಕು. ಇನ್ನೊಂದು ಸಾಲು ನಮ್ಮ ಊರುಗಳಿಗಾಗಿಯೇ ಬರೆದಂತಿದೆ: 50 ವರ್ಷ ದಾಟಿದ ಸಹಜ ಮಾರುಕಟ್ಟೆಗಳನ್ನು ಪಾರಂಪರಿಕ ಮಾರುಕಟ್ಟೆ ಅಂತ ಘೋಷಿಸಬೇಕು, ಅಲ್ಲಿನ ವ್ಯಾಪಾರಿಗಳನ್ನು ಸ್ಥಳಾಂತರಿಸಬಾರದು.

ಹಾಗಾದರೆ ತೊಂದರೆ ಏನು? ಕಾಯ್ದೆ ದಿನಾಲೂ ಕೂರುವವರನ್ನು ಮನಸ್ಸಿನಲ್ಲಿಟ್ಟುಕೊಂಡಿದೆ. ಸರ್ವೆ ಮಳೆಗಾಲದಲ್ಲಿ ನಡೆದರೆ ನಾವು ಲೆಕ್ಕಕ್ಕೇ ಸಿಗುವುದಿಲ್ಲ, ಮಳೆಯಲ್ಲಿ ಆವಿಗೆ ಹತ್ತುವುದಿಲ್ಲವಲ್ಲ. ಪ್ರಮಾಣಪತ್ರಕ್ಕೆ 'ಬೇರೆ ಜೀವನೋಪಾಯ ಇಲ್ಲ' ಅಂತ ಬರೆದುಕೊಡಬೇಕು. ಆ ತಿಂಗಳುಗಳಲ್ಲಿ ಹೊಲದ ಕೂಲಿಗೆ ಹೋಗುವವರು ಏನು ಬರೆಯಬೇಕು? ಕಾಯ್ದೆ ನಗರ ಸಂಸ್ಥೆಗಳಿಗೆ ಮಾತ್ರ, ಹಳ್ಳಿ ಸಂತೆ ಅದರ ಹೊರಗೆ. ರೈಲ್ವೆ ಜಾಗವೂ ಹೊರಗೆ, ಹಾಗಾಗಿ ಹುಮನಾಬಾದ್ ಸ್ಟೇಷನ್ ಮುಂದಿನ ನೆಲಕ್ಕೆ ಇದು ಅನ್ವಯಿಸುವುದಿಲ್ಲ.

ಮಣ್ಣಿನ ವಿಷಯದಲ್ಲಿ ಕಾನೂನು ಸ್ವಲ್ಪ ಉದಾರ. ಕುಂಬಾರರು ತಮ್ಮ ಸಂಪ್ರದಾಯದಂತೆ ಕೈಯಿಂದ ಸಾಮಾನ್ಯ ಜೇಡಿಮಣ್ಣು ತೆಗೆದರೆ ಪರಿಸರ ಅನುಮತಿ ಬೇಡ ಅಂತ ಕೇಂದ್ರ ಪರಿಸರ ಸಚಿವಾಲಯ 2016ರ ಜನವರಿ 15ರ ಅಧಿಸೂಚನೆಯಲ್ಲೇ ವಿನಾಯಿತಿ ಕೊಟ್ಟಿದೆ. ಮಣ್ಣಿನ ಗಡಿಗೆ, ದೀಪಕ್ಕೆ ಜಿಎಸ್‌ಟಿಯೂ ಇಲ್ಲ. ಅಂದರೆ ಅಗೆಯುವುದನ್ನೂ ಮಾಡುವುದನ್ನೂ ಸರ್ಕಾರ ಒಪ್ಪಿಕೊಂಡಿದೆ. ಕೂತು ಮಾರುವುದು ಮಾತ್ರ ಇನ್ನೂ ಯಾರದೋ ದಯೆಯಂತೆ ನಡೆದಿದೆ.

ಕಾಯಕದ ನೆಲದಲ್ಲಿ

ಇದೆಲ್ಲ ನಡೆಯುತ್ತಿರುವುದು ಕಲ್ಯಾಣದಲ್ಲಿ. 2020-21ರ ಬಜೆಟ್‌ನಲ್ಲಿ ನೂತನ ಅನುಭವ ಮಂಟಪಕ್ಕೆ 500 ಕೋಟಿ ಘೋಷಣೆಯಾಯಿತು, 2021ರ ಜನವರಿ 6ರಂದು ಶಂಕುಸ್ಥಾಪನೆ ಆಯಿತು. 770 ಅಮರಗಣಂಗಳ ನೆನಪಿಗೆ 770 ಕಂಬಗಳ ವಿನ್ಯಾಸ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಅಂತ ಘೋಷಿಸಿತು. ಎರಡೂ ಬೇಕಾದದ್ದೇ.

ಆ ಶರಣರ ಸಾಲಿನಲ್ಲಿ ಕುಂಬಾರ ಗುಂಡಯ್ಯ ಇದ್ದಾನೆ. ಅವನ ಊರು ಪಕ್ಕದ ಭಾಲ್ಕಿ ಅಂತ ಗುರುತಿಸುತ್ತಾರೆ. ಅವನ ಹೆಂಡತಿ ಕೇತಲದೇವಿ ಸ್ವತಃ ವಚನಕಾರ್ತಿ. ಗುಂಡಯ್ಯ ಗಡಿಗೆ ಬಾರಿಸಿದ ಸದ್ದಿಗೆ ಶಿವನೇ ಇಳಿದು ಕುಣಿದ ಕಥೆಯನ್ನು ಹರಿಹರ ರಗಳೆಯಲ್ಲಿ ಹೇಳಿದ್ದಾನೆ. ದೇವರು ಕುಂಬಾರನಿದ್ದಲ್ಲಿಗೆ ಬಂದ, ಕುಂಬಾರನನ್ನು ಎಬ್ಬಿಸಿ ಬೇರೆ ಕಡೆ ಕಳಿಸಲಿಲ್ಲ. ಅನುಭವ ಮಂಟಪ ನೋಡಲು ಮುಂದೆ ಬರುವ ಸಾವಿರಾರು ಜನರ ದಾರಿಯಲ್ಲಿ ಕಾಯಕ ಮಾಡುವವರ ಒಂದು ಸಾಲಿಗೆ ಗುರುತು ಹಾಕಿದ ಜಾಗ ಇರಬಾರದೇ?

ಜಪಾನಿನ ಮಾಶಿಕೋ ಅಡುಗೆಮನೆಯ ಮಣ್ಣಿನ ಪಾತ್ರೆ ಮಾಡುವ ಊರಾಗಿತ್ತು. 1966ರಿಂದ ಅಲ್ಲಿ ವರ್ಷಕ್ಕೆ ಎರಡು ಸಲ, ವಸಂತದಲ್ಲಿ ಮತ್ತು ಶರತ್ಕಾಲದಲ್ಲಿ, ಮಣ್ಣಿನ ಪಾತ್ರೆಗಳ ಜಾತ್ರೆ ನಡೆಯುತ್ತದೆ. ಮಾಡಿದವರೇ ಸಾಲಾಗಿ ಟೆಂಟು ಹಾಕಿ ಮಾರುತ್ತಾರೆ, ಕೊಳ್ಳುವವರು ಟೋಕಿಯೋದಿಂದ ಬರುತ್ತಾರೆ. ನಮಗೆ ಹೊಸ ಜಾತ್ರೆ ಹುಟ್ಟಿಸುವ ಕಷ್ಟವೂ ಇಲ್ಲ. ಜನವರಿಯಲ್ಲಿ ಹುಮನಾಬಾದ್‌ನ ವೀರಭದ್ರೇಶ್ವರ ಜಾತ್ರೆ ಇದೆ, ಮಾಣಿಕನಗರದ ದತ್ತ ಜಯಂತಿ ಇದೆ. ಬೇಕಿರುವುದು ಸುಣ್ಣದ ಗೆರೆ, ರಾತ್ರಿ ಸರಕು ಬಿಟ್ಟುಹೋಗಲು ಬೇಲಿ ಹಾಕಿದ ಮೂಲೆ, ಹೆಂಗಸರಿಗೆ ಶೌಚಾಲಯ, ಕುಡಿಯಲು ನೀರು.

ನೀವು ಮಾಡಬಹುದಾದದ್ದು

ನಿಮ್ಮ ಊರಿನ ನಗರಸಭೆ, ಪುರಸಭೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಹಾಗಾಗಿ ಬೇರೆಬೇರೆ ಕೇಳಿ. ಬೀದಿ ವ್ಯಾಪಾರಿಗಳ ಕೊನೆಯ ಸರ್ವೆ ಯಾವ ತಿಂಗಳು ನಡೆಯಿತು? ಪಟ್ಟಣ ವ್ಯಾಪಾರ ಸಮಿತಿಗೆ ಚುನಾವಣೆ ಆಗಿದೆಯೇ, ಅದರಲ್ಲಿ ಮಹಿಳೆಯರು ಎಷ್ಟು? ಸಹಜ ಮಾರುಕಟ್ಟೆ ಅಂತ ಗುರುತಿಸಿದ ಜಾಗಗಳ ಪಟ್ಟಿ ಇದೆಯೇ? ವಾರದ, ಹಬ್ಬದ ವ್ಯಾಪಾರಿಗಳನ್ನು ಸರ್ವೆಯಲ್ಲಿ ಸೇರಿಸಿದ್ದೀರಾ?

ಉತ್ತರ ಬಂದರೆ ಅದನ್ನು ಸಂತೆಗೆ ತನ್ನಿ, ಕೂತವರಿಗೆ ಓದಿ ಹೇಳಿ. ನಮ್ಮಲ್ಲಿ ಎಷ್ಟೋ ಜನರಿಗೆ ಸಮಿತಿ ಅಂತ ಒಂದಿದೆ, ಅದಕ್ಕೆ ತಾವೇ ನಿಲ್ಲಬಹುದು ಅನ್ನುವುದೇ ಗೊತ್ತಿಲ್ಲ. ಗೊತ್ತಾದ ದಿನ "ಏಳ್ರಿ" ಅಂದವರಿಗೆ "ಯಾವ ಆರ್ಡರ್ ಅದ, ತೋರಸ್ರಿ" ಅಂತ ಕೇಳುವ ಧೈರ್ಯ ಬರುತ್ತದೆ.