ಕೆಲಸ ಹುಡುಕುವ ಸಿಸ್ಟರ್‌ಗೆ ಫೇಸ್‌ಬುಕ್ ಬೇಕೆ?

ಮೂರು ವರ್ಷದ ಜಿಎನ್‌ಎಂ ಮುಗಿದಿದೆ. ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರೂ ನೋಂದಣಿಯಾಗಿದೆ. ಊರಿನಲ್ಲಿ ಅಪ್ಪ, ಓದಿಗೆಂದು ಮಾಡಿದ ಸಾಲದ ಕಂತು ಲೆಕ್ಕ ಹಾಕುತ್ತಿದ್ದಾರೆ. ಬೆಂಗಳೂರಿನ ಪಿ.ಜಿ. ಕೋಣೆಯಲ್ಲಿ ಮಗಳು ಮೊಬೈಲ್ ಹಿಡಿದು ಕುಳಿತಿದ್ದಾಳೆ. ಅಷ್ಟರಲ್ಲಿ ವಾಟ್ಸ್‌ಆ್ಯಪ್‌ಗೆ ಒಂದು ಸಂದೇಶ: ‘ಗಲ್ಫ್ ಆಸ್ಪತ್ರೆಗೆ ನರ್ಸ್‌ಗಳು ಬೇಕು. ಪರೀಕ್ಷೆ ಇಲ್ಲ. ಇಂದೇ ಹಣ ಕಟ್ಟಿದವರಿಗೆ ಆದ್ಯತೆ.’

ಇದು ಭಾಗ್ಯದ ಬಾಗಿಲೋ, ಬಲೆಯೋ?

ಒಂದು ಕಾಲಕ್ಕೆ ನರ್ಸ್ ಕೆಲಸದ ಸುದ್ದಿ ಬರುತ್ತಿದ್ದುದು ಪತ್ರಿಕೆಯ ಜಾಹೀರಾತಿನಿಂದ, ಇಲ್ಲವೇ ‘ಎಂಪ್ಲಾಯ್‌ಮೆಂಟ್ ನ್ಯೂಸ್’ನಿಂದ. ಕಾಲೇಜಿನ ಪ್ರಿನ್ಸಿಪಾಲರೋ ಮೇಟ್ರನ್ನರೋ ಹೇಳಿದ ಒಂದು ಒಳ್ಳೆಯ ಮಾತೂ ಕೆಲಸ ಕೊಡಿಸುತ್ತಿತ್ತು. ಈಗ ಆ ಜಾಗಕ್ಕೆ ಸಾಮಾಜಿಕ ಜಾಲತಾಣಗಳು ಬಂದು ಕೂತಿವೆ. ಹಾಗೆಂದು ಅವಿಲ್ಲದೆ ಕೆಲಸವೇ ಸಿಗುವುದಿಲ್ಲವೇ?

ಸರ್ಕಾರಿ ಕೆಲಸದ ಮಟ್ಟಿಗೆ ಆ ಚಿಂತೆ ಬೇಡ. ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಆಫೀಸರ್ ಹುದ್ದೆಗೆ 2020ರಿಂದ ‘ನಾರ್ಸೆಟ್’ ಎಂಬ ಸಾಮಾನ್ಯ ಪರೀಕ್ಷೆ ಇದೆ. ಅಲ್ಲಿ ಲೆಕ್ಕಕ್ಕೆ ಬರುವುದು ಅಂಕ. ಫೇಸ್‌ಬುಕ್ಕಿನಲ್ಲಿ ಎಷ್ಟು ಸ್ನೇಹಿತರಿದ್ದಾರೆಂದು ಯಾರೂ ಕೇಳುವುದಿಲ್ಲ. ಅಧಿಸೂಚನೆಯನ್ನು ಆಯಾ ಸಂಸ್ಥೆಯ ಸ್ವಂತ ವೆಬ್‌ಸೈಟಿನಲ್ಲೇ ಓದಬೇಕು. ಯಾರೋ ಕಳುಹಿಸಿದ ಫೋಟೊವನ್ನು ನಂಬಿ ಕೂತರೆ ಕೊನೆಯ ದಿನ ತಪ್ಪಿಹೋದೀತು.

ಖಾಸಗಿ ಆಸ್ಪತ್ರೆಗಳ ಮಾತು ಬೇರೆ. ವಾಕ್-ಇನ್ ಇಂಟರ್‌ವ್ಯೂ ಇದೆಯೆಂಬ ಸುದ್ದಿ ಹಳೆಯ ವಿದ್ಯಾರ್ಥಿನಿಯರ ಗುಂಪಿಗೆ ಬೇಗ ಮುಟ್ಟುತ್ತದೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಉಪಯೋಗವಿದೆ. ರಾತ್ರಿ ಪಾಳಿ ಮುಗಿದ ಮೇಲೆ ವಾಹನದ ವ್ಯವಸ್ಥೆ ಇದೆಯೇ? ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು? ಬಾಂಡ್ ಬರೆಸಿಕೊಳ್ಳುತ್ತಾರೆಯೇ? ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತಾರೆಯೇ? ಇದನ್ನೆಲ್ಲ ಜಾಹೀರಾತು ಹೇಳುವುದಿಲ್ಲ, ಅಲ್ಲಿ ದುಡಿದ ಸೀನಿಯರ್ ಅಕ್ಕ ಹೇಳುತ್ತಾಳೆ. ಜಾಲತಾಣದಿಂದ ನಿಜವಾದ ಲಾಭ ಇಲ್ಲಿದೆ.

ಅಪಾಯ ಹೆಚ್ಚಿರುವುದು ವಿದೇಶದ ಕೆಲಸದಲ್ಲಿ. 1983ರ ವಲಸೆ ಕಾಯ್ದೆಯ ಪ್ರಕಾರ ಹೊರದೇಶದ ಕೆಲಸಕ್ಕೆ ಜನರನ್ನು ಆರಿಸುವ ಏಜೆಂಟ್ ಕೇಂದ್ರ ಸರ್ಕಾರದಲ್ಲಿ ನೋಂದಣಿ ಆಗಿರಲೇಬೇಕು. ಆತ ಪಡೆಯಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಅದಕ್ಕೂ ರಸೀದಿ ಕೊಡಬೇಕು. ಲಕ್ಷಗಟ್ಟಲೆ ಕೇಳಿದನೆಂದರೆ ಅಲ್ಲೇ ಸಂಶಯಪಡಬೇಕು. ನೋಂದಾಯಿತ ಏಜೆಂಟರ ಪಟ್ಟಿ ಸರ್ಕಾರದ ‘ಇ-ಮೈಗ್ರೇಟ್’ ತಾಣದಲ್ಲಿದೆ. ಗಲ್ಫ್ ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ ಹೋಗುವ ನರ್ಸ್‌ಗಳ ನೇಮಕಾತಿಯನ್ನು, ವಂಚನೆ ತಡೆಯಲೆಂದು, 2015ರಲ್ಲಿ ಇದೇ ವ್ಯವಸ್ಥೆಯೊಳಗೆ ತರಲಾಯಿತು. ಬ್ರಿಟನ್ನಿನಲ್ಲಂತೂ ಕೆಲಸ ಕೊಡಿಸಿದ್ದಕ್ಕೆ ಅಭ್ಯರ್ಥಿಯಿಂದ ಹಣ ಪಡೆಯುವುದಕ್ಕೇ ಅಲ್ಲಿನ ಕಾನೂನಿನ ಅಡ್ಡಿಯಿದೆ. ಸಂದೇಶ ಎಷ್ಟೇ ಚೆಂದವಾಗಿರಲಿ, ಈ ಪಟ್ಟಿ ನೋಡುವ ಮುನ್ನ ಒಂದು ಪೈಸೆಯನ್ನೂ ಕಳುಹಿಸಬಾರದು.

ಇನ್ನೊಂದು ಮಾತು. ಜಾಲತಾಣ ಕೆಲಸ ಹುಡುಕಿಕೊಡುವ ಹಾಗೆಯೇ ಕೆಲಸಕ್ಕೆ ಕುತ್ತನ್ನೂ ತರಬಲ್ಲದು. 2024ರ ಫೆಬ್ರುವರಿಯಲ್ಲಿ ಗದಗದ ಸರ್ಕಾರಿ ವೈದ್ಯಕೀಯ ಕಾಲೇಜಿನ 38 ವಿದ್ಯಾರ್ಥಿಗಳು ಆಸ್ಪತ್ರೆಯೊಳಗೆ ರೀಲ್ಸ್ ಮಾಡಿ ಶಿಕ್ಷೆಗೆ ಗುರಿಯಾದರು. ನರ್ಸ್‌ಗಳಿಗೂ ಇದು ಪಾಠವೇ. ಸಮವಸ್ತ್ರ ತೊಟ್ಟು ವಾರ್ಡಿನಲ್ಲಿ ತೆಗೆದ ಒಂದು ಸೆಲ್ಫಿಯ ಹಿಂದೆ ರೋಗಿಯ ಮುಖವೋ, ಕೇಸ್ ಶೀಟೋ ಕಂಡರೆ ಸಾಕು, ರೋಗಿಯ ಗುಟ್ಟು ಊರಿಗೆಲ್ಲ ಬಯಲಾಯಿತು. ನಾಳೆ ಕೆಲಸ ಕೊಡುವವರು ಅದನ್ನು ನೋಡರೆಂದು ಹೇಗೆ ನಂಬುವುದು? ಅಳಿಸಿದರೂ ಅದರ ಪ್ರತಿ ಇನ್ನೊಬ್ಬರ ಮೊಬೈಲಿನಲ್ಲಿ ಉಳಿದಿರುತ್ತದೆ.

ಹಾಗಾದರೆ ಹೊಸ ನರ್ಸ್ ಏನು ಮಾಡಬೇಕು? ಓದು, ನೋಂದಣಿ, ತರಬೇತಿ ಪಡೆದ ವಾರ್ಡುಗಳ ವಿವರವಿರುವ ಒಂದು ಚೊಕ್ಕ ಲಿಂಕ್ಡ್‌ಇನ್ ಪುಟ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಕೊರತೆಯೇನೂ ಇಲ್ಲ. ಸುದ್ದಿಗೆ ವಾಟ್ಸ್‌ಆ್ಯಪ್ ಇರಲಿ, ಖಾತರಿಗೆ ಆಸ್ಪತ್ರೆಯ ಕಚೇರಿಗೇ ಒಂದು ಫೋನ್ ಹೋಗಲಿ. ಐದು ನಿಮಿಷದ ಆ ವಿಚಾರಣೆ, ಅಪ್ಪ ಮಾಡಿದ ಒಂದು ಸಾಲದ ಮೇಲೆ ಇನ್ನೊಂದು ಸಾಲ ಬೀಳುವುದನ್ನು ತಪ್ಪಿಸಬಲ್ಲದು.