ಊಟಕ್ಕಾಗಿ ಹಾರುವವರು, ಊಟಕ್ಕಾಗಿ ಏರುವವರು

ಅಮೆರಿಕೆಯ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ನಾಪಾ ಎಂಬ ಕಣಿವೆಯಿದೆ. ದ್ರಾಕ್ಷಿತೋಟಗಳಿಗೂ ದ್ರಾಕ್ಷಾರಸದ ಮದ್ಯಕ್ಕೂ ಅದು ಜಗತ್ಪ್ರಸಿದ್ಧ. ಸ್ವಂತ ಪುಟ್ಟ ವಿಮಾನವುಳ್ಳ ಅಲ್ಲಿನ ಕೆಲವರು ರಜೆಯ ದಿನ ಬೆಳಿಗ್ಗೆ ಹಾರಿ ಹೊರಟು, ಇಂತಹ ಊರುಗಳಲ್ಲಿ ಮಧ್ಯಾಹ್ನದ ಊಟ ಮುಗಿಸಿ, ಸಂಜೆಯೊಳಗೆ ಮನೆ ಸೇರುವುದುಂಟು. ತಿನ್ನುವ ತಿಂಡಿಯ ಬೆಲೆ ಅಲ್ಪ. ಅದಕ್ಕಾಗಿ ಸುಡುವ ಇಂಧನದ ಬೆಲೆ ಅಧಿಕ. ಆದುದರಿಂದಲೇ ಆ ದೇಶದ ವಿಮಾನಪ್ರಿಯರು ಇಂತಹ ಯಾನಕ್ಕೆ ‘ನೂರು ಡಾಲರಿನ ಹ್ಯಾಂಬರ್ಗರ್’ ಎಂದು ಹೆಸರಿಟ್ಟು ತಮ್ಮನ್ನು ತಾವೇ ಹಾಸ್ಯ ಮಾಡಿಕೊಳ್ಳುತ್ತಾರೆ.

ಇದನ್ನು ಕೇಳಿ ನಗುವ ನಾವೂ ಊಟಕ್ಕಾಗಿ ದೂರ ಹೋಗದವರೇನಲ್ಲ. ನಮ್ಮಲ್ಲಿ ದ್ರಾಕ್ಷಿಯ ಕಣಿವೆಗೆ ಬದಲಾಗಿ ಕಾಫಿಯ ಗಿರಿಗಳಿವೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಡೆಗೆ ವಾರಾಂತ್ಯದಲ್ಲಿ ಬೆಂಗಳೂರಿನಿಂದ ಹೊರಡುವ ವಾಹನಗಳ ಸಾಲನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಸ್ತೆಯಲ್ಲಿ ಸುಮಾರು 245 ಕಿಲೋಮೀಟರ್ ದೂರದ ಚಿಕ್ಕಮಗಳೂರು ಆಕಾಶಮಾರ್ಗದಲ್ಲಿ ಸುಮಾರು 200 ಕಿಲೋಮೀಟರ್ ಮಾತ್ರ. ನಾಲ್ವರು ಕೂರುವ ಸೆಸ್ನಾ 172ರಂತಹ ವಿಮಾನಕ್ಕೆ ಅದು ಒಂದು ಗಂಟೆಯ ಹಾದಿ.

ಆದರೆ ಚಿಕ್ಕಮಗಳೂರು ಜಿಲ್ಲೆಯಲ್ಲಿ ಪ್ರಯಾಣಿಕರ ವಿಮಾನ ನಿಲ್ದಾಣವಿಲ್ಲ. 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಶಿವಮೊಗ್ಗದ ನಿಲ್ದಾಣವೋ, ಕರಾವಳಿಯ ಮಂಗಳೂರಿನದೋ ನಮಗೆ ಗತಿ. ಗಿರಿಸೀಮೆಯ ಒಳಭಾಗದಲ್ಲಿ ಸಮತಟ್ಟಾದ ನೆಲವೂ ದುರ್ಲಭ. ಪುಟ್ಟ ವಿಮಾನದ ಚಾಲಕರು ಬಹುಮಟ್ಟಿಗೆ ಕಣ್ಣಿಗೆ ಕಾಣುವ ನೆಲವನ್ನೇ ನಂಬಿ ಹಾರುವವರು. ಮುಳ್ಳಯ್ಯನಗಿರಿಯ 1,930 ಮೀಟರ್ ಎತ್ತರದ ನೆತ್ತಿಯನ್ನೇ ಮರೆಮಾಡುವ ಮಳೆಗಾಲದ ಮೋಡ ಅವರಿಗೆ ಅಪಾಯಕಾರಿ. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು ತಮ್ಮ ‘ಕರ್ವಾಲೊ’ ಕಾದಂಬರಿಯಲ್ಲಿ ಹಾರುವ ಓತಿಯನ್ನು ಹುಡುಕಿ ಹೊರಟವರ ಕಥೆ ಹೇಳಿದ್ದಾರೆ. ಈ ಕಾಡಿನಲ್ಲಿ ಹಾರಾಟ ಆ ಓತಿಗೆ ಸಲ್ಲುತ್ತದೆ; ಮನುಷ್ಯರು ಏರಿಯೇ ಹೋಗಬೇಕು.

ಏರಿ ಹೋಗುವುದರಲ್ಲಿ ಒಂದು ಲಾಭವಿದೆ. ದಾರಿಯೇ ಊಟಕ್ಕೆ ಪೀಠಿಕೆಯಾಗುತ್ತದೆ. ಮೂಡಿಗೆರೆ ದಾಟಿ ಕೊಟ್ಟಿಗೆಹಾರ ಸೇರಿದರೆ ಬಿಸಿ ನೀರುದೋಸೆ ಕಾದಿರುತ್ತದೆ. ಅಲ್ಲಿ ಕವಲೊಡೆಯುವ ರಸ್ತೆಗಳಲ್ಲಿ ಒಂದು ಚಾರ್ಮಾಡಿ ಘಾಟಿಯಿಂದ ಕರಾವಳಿಗೆ ಇಳಿದರೆ, ಇನ್ನೊಂದು ಕಳಸದ ಕಡೆಗೆ ಸಾಗುತ್ತದೆ. ಕಳಸದಲ್ಲಿ ಭದ್ರೆಯ ದಡ, ಕಳಸೇಶ್ವರನ ಗುಡಿ. ಅಲ್ಲಿಂದ ತುಸು ಮುಂದೆ ಹೊರನಾಡು. ಅನ್ನಪೂರ್ಣೇಶ್ವರಿಯ ಆ ಸನ್ನಿಧಿಯಲ್ಲಿ ಬಂದವರಿಗೆಲ್ಲ ನಿತ್ಯವೂ ಅನ್ನ ಬಡಿಸುತ್ತಾರೆ. ಕಾರಿನಲ್ಲಿ ಬಂದವರೂ ಬಸ್ಸಿನಲ್ಲಿ ಬಂದವರೂ ಒಂದೇ ಪಂಕ್ತಿಯಲ್ಲಿ ಕೂತು ಒಂದೇ ಸಾರನ್ನು ಉಣ್ಣುತ್ತಾರೆ. ನೂರು ಡಾಲರ್ ತೆತ್ತರೂ ಬಾರದ ರುಚಿ ಆ ಪಂಕ್ತಿಯಲ್ಲಿದೆ.

ಇನ್ನು ಮಲೆನಾಡಿನ ಮನೆಗಳ ಅಡುಗೆ. ಅಕ್ಕಿರೊಟ್ಟಿ, ಕಡುಬು, ಹಲಸಿನಕಾಯಿಯ ಪಲ್ಯ, ಮಿಡಿ ಉಪ್ಪಿನಕಾಯಿಗಳು ಎಲ್ಲರಿಗೂ ಗೊತ್ತು. ಮಳೆಗಾಲದ ಕಳಲೆ ಮತ್ತು ಪತ್ರೊಡೆಯ ಹಿಂದಿರುವ ತಿಳಿವಳಿಕೆ ಎಷ್ಟು ಮಂದಿಗೆ ಗೊತ್ತು? ಎಳೆಯ ಬಿದಿರಿನ ಕಳಲೆಯಲ್ಲಿ ವಿಷಾಂಶವಿರುತ್ತದೆ. ಅದನ್ನು ಹೆಚ್ಚಿ ನೀರಿನಲ್ಲಿ ನೆನೆಹಾಕಿ, ದಿನವೂ ನೀರು ಬದಲಿಸಿ, ಅನಂತರ ಬೇಯಿಸಿಯೇ ಬಳಸಬೇಕು. ಕೆಸುವಿನ ಎಲೆ ಗಂಟಲಿನಲ್ಲಿ ತುರಿಕೆ ತರಿಸುವುದರಿಂದ ಪತ್ರೊಡೆಯ ಹಿಟ್ಟಿಗೆ ಹುಣಿಸೆಹುಳಿ ಸೇರಿಸುತ್ತಾರೆ. ಯಾವ ಪಾಠಶಾಲೆಯೂ ಕಲಿಸದ ಈ ವಿದ್ಯೆ ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ಒಲೆಯ ಮುಂದೆಯೇ ದಾಟಿ ಬಂದುದು.

ನಮ್ಮ ಆತಂಕ ಇರುವುದೂ ಇಲ್ಲಿಯೇ. ತೋಟದ ಮನೆಗಳ ಮಕ್ಕಳು ಓದಿ, ಉದ್ಯೋಗ ಹಿಡಿದು ನಗರ ಸೇರಿದ್ದಾರೆ. ಹಳೆಯ ಮನೆಗಳಲ್ಲಿ ಹಿರಿಯರಷ್ಟೇ ಉಳಿದಿದ್ದಾರೆ. ಎಷ್ಟೋ ಮನೆಗಳು ಹೋಮ್‌ಸ್ಟೇಗಳಾಗಿವೆ. ಕಾಫಿಯ ಬೆಲೆ ಕುಸಿದಾಗ ಕುಟುಂಬವನ್ನು ಕಾಯುವ ಈ ಆದಾಯವನ್ನು ನಾವು ಹಳಿಯಲಾರೆವು. ಆದರೆ ಅತಿಥಿ ಗಿರಾಕಿಯಾದಾಗ, ಅವನು ಕೇಳಿದ ಪೇಟೆಯ ತಿಂಡಿಯೇ ಒಲೆಯ ಮೇಲೇರುತ್ತದೆ. ಕಳಲೆ ಹಿತ್ತಲಿನಲ್ಲೇ ಉಳಿಯುತ್ತದೆ. ಉಂಡು ಬಿಟ್ಟ ಎಂಜಲೂ ಪ್ಲಾಸ್ಟಿಕ್ ಚೀಲಗಳೂ ಹಳ್ಳದ ಪಾಲಾಗುತ್ತವೆ.

ಮತ್ತೊಂದು ಮಾತು. ಬಾಬಾಬುಡನ್ ಅವರು ಹದಿನೇಳನೆಯ ಶತಮಾನದಲ್ಲಿ ಯೆಮನ್ನಿನಿಂದ ಏಳು ಬೀಜ ತಂದು ಈ ಗಿರಿಯಲ್ಲಿ ನೆಟ್ಟರೆಂಬ ಐತಿಹ್ಯವನ್ನು ಎಲ್ಲರೂ ಹೇಳುತ್ತಾರೆ. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನೆ ಆರಂಭವಾದುದನ್ನೂ, 2019ರಲ್ಲಿ ಚಿಕ್ಕಮಗಳೂರು ಅರೇಬಿಕಾಕ್ಕೆ ಭೌಗೋಳಿಕ ಗುರುತು ದೊರೆತುದನ್ನೂ ಹೆಮ್ಮೆಯಿಂದ ನೆನೆಯುತ್ತೇವೆ. ಆದರೆ ಚಳಿಗಾಲದ ಮುಂಜಾನೆ ಒಂದೊಂದೇ ಕೆಂಪು ಹಣ್ಣನ್ನು ಆರಿಸಿ ಕೊಯ್ಯುವ, ಲೈನುಮನೆಗಳಲ್ಲಿ ವಾಸಿಸುವ ಕೈಗಳನ್ನು ನೆನೆಯುವವರು ಕಡಿಮೆ. 2019ರ ಆಗಸ್ಟಿನ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಜಾರಿ, ಮನೆ ತೋಟಗಳು ಮಣ್ಣುಪಾಲಾದವು. ನಾವು ನೋಡಲು ಹೋಗುವ ಈ ಚೆಲುವಿನ ನಡುವೆ ಅವರೆಲ್ಲರ ಬದುಕಿದೆ.

ಆಯ್ದಕ್ಕಿ ಲಕ್ಕಮ್ಮನ ಕಥೆ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಪತಿ ಮಾರಯ್ಯ ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಆ ಶರಣೆ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ದಾಸೋಹಕ್ಕೆ ಕಾಯಕದ ಅಕ್ಕಿ ಸಾಕು, ಆಸೆಯ ಅಕ್ಕಿ ಬೇಡವೆಂಬುದು ಅವಳ ನಿಲುವು. ಊಟಕ್ಕಾಗಿ ಎಷ್ಟು ದೂರ ಹೋದೆವೆಂಬುದಲ್ಲ, ಎಷ್ಟನ್ನು ತೆಗೆದುಕೊಂಡೆವು, ಎಷ್ಟನ್ನು ಚೆಲ್ಲಿದೆವು ಎಂಬುದೇ ಅವಳು ನಮಗೆ ಕೇಳುವ ಪ್ರಶ್ನೆ.

ಆದುದರಿಂದ ಗಿರಿಗೆ ಹೋಗುವ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಹೋಗುವ ಮನೆಗೆ ಎಷ್ಟು ಜನ ಬರುವಿರೆಂದು ಮುಂಚೆಯೇ ತಿಳಿಸಿರಿ. ಬೇಯಿಸಿದ ಅನ್ನ ವ್ಯರ್ಥವಾಗದು. ಆ ಋತುವಿನಲ್ಲಿ ಆ ಮಣ್ಣು ಕೊಟ್ಟುದನ್ನೇ ಕೇಳಿ ಉಣ್ಣಿರಿ. ಮಕ್ಕಳನ್ನು ಅಡುಗೆಮನೆಗೂ ಕಾಫಿಯ ಕಣಕ್ಕೂ ಕರೆದೊಯ್ದು, ದುಡಿಯುವವರನ್ನು ಮಾತನಾಡಿಸಿರಿ. ಒಯ್ದ ಕಸವನ್ನು ಮರಳಿ ತನ್ನಿರಿ. ಹೆಣ್ಣುಮಕ್ಕಳಷ್ಟೇ ಅಲ್ಲ, ಗಂಡುಮಕ್ಕಳೂ ಅಜ್ಜಿಯ ಬಳಿ ಕುಳಿತು ಕಳಲೆಯ ಹದವನ್ನು ಒಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳಲಿ. ವಿಮಾನ ಇಂದಲ್ಲದಿದ್ದರೆ ನಾಳೆ ಬಂದೀತು. ಅದು ಬಂದಿಳಿಯುವ ಹೊತ್ತಿಗೆ ಅಜ್ಜಿಯ ಒಲೆ ಆರಿರಬಾರದು.